ಆಯಿಗೆ ಕೊಟ್ಟ ಮಾತು

ಅಪ್ಪನ ಗಂಟಲಿನ ಆಪರೇಷನ್ ಆಗಿ ಎರಡು ತಿಂಗಳಾದ ಮೇಲೆ ನಾಗನೂರಿನಿಂದ ಕರೆ ಬಂತು. ಭಕ್ತರೊಬ್ಬರು ಹೊಸ ಮನೆ ಕಟ್ಟಿದ್ದರು, ಪ್ರವೇಶಕ್ಕೆ ಅಯ್ಯನವರೇ ಬರಬೇಕು ಎಂದರು. ಮೂಡಲಗಿಯಲ್ಲಿರುವ ನಮ್ಮದು ಜಂಗಮರ ಮನೆ, ಭಕ್ತರ ಬಾಯಲ್ಲಿ ಅಯ್ಯನವರ ಮನೆ. ಸುತ್ತಲಿನ ಕೆಲವು ಊರುಗಳಲ್ಲಿ, ಕೆಲವು ಮನೆತನಗಳಿಗೆ, ಮಗುವಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರನ್ನು ಮಣ್ಣು ಮಾಡುವವರೆಗೆ ನಮ್ಮ ಅಜ್ಜನ ಕಾಲದಿಂದಲೂ ನಮ್ಮವರೇ ಹೋಗುತ್ತಾರೆ. ಆಪರೇಷನ್‌ನಲ್ಲಿ ಅಪ್ಪನ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದರು. ಕಿವಿ ಕೇಳುತ್ತಿತ್ತು, ಕೈ ಗಟ್ಟಿ ಇತ್ತು, ಬಾಯಿ ತೆರೆದರೆ ತುಟಿ ಮಾತ್ರ ಅಲುಗುತ್ತಿತ್ತು. ಅಂಗಿಯ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದರು. ಅದರಲ್ಲಿ ನನಗೆ ಬರೆದರು: "ನೀನು ಹೇಳು. ನಾನು ಮಾಡುತ್ತೇನೆ."

ಆ ಮಂತ್ರಗಳನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಪೂಜೆಗೆ ಕೂರುವ ಜಾಗಕ್ಕೂ ನಾನು ಮಲಗುವ ಜಾಗಕ್ಕೂ ನಡುವೆ ಒಂದು ಸೀರೆಯ ಪರದೆ ಇತ್ತು, ಅಷ್ಟೆ. ಇಪ್ಪತ್ತು ವರ್ಷ ಅದನ್ನು ಕೇಳುತ್ತಲೇ ಎದ್ದಿದ್ದೇನೆ. ಅಪ್ಪನಿಗೆ ಗಂಡುಮಕ್ಕಳಿಲ್ಲ, ನಾನೊಬ್ಬಳೇ ಮಗಳು.

ಹೊರಡುವಾಗ ಅವ್ವ ಒಂದು ಮಾತು ಹೇಳಿದಳು. "ಅಲ್ಲಿ ಅಪ್ಪನ ಬಾಜೂ ಕುಂಡರಬ್ಯಾಡ. ಒಂದ ಮಳ ಹಿಂದ ಕುಂಡ್ರು. ನೋಡಿದವರಿಗೆ ನಿಮ್ಮಪ್ಪ ಕಾಣಬೇಕು."

ಹಿಂದೆಯೇ ಕುಳಿತೆ. ಅಪ್ಪ ಮಣೆಯ ಮೇಲೆ, ನಾನು ಬಾಗಿಲ ಚೌಕಟ್ಟಿಗೆ ಒರಗಿ ನೆಲದ ಮೇಲೆ. ನಾನು ಹೇಳುತ್ತ ಹೋದೆ, ಅವರು ನೀರು ಬಿಟ್ಟರು, ಪತ್ರಿ ಏರಿಸಿದರು, ಭಸ್ಮ ಹಚ್ಚಿದರು. ಒಂದು ಕಡೆ ನಾನು ಅವಸರ ಮಾಡಿದಾಗ ಬೆನ್ನ ಹಿಂದೆ ಕೈ ತಂದು ಬೆರಳಿನಿಂದ ನೆಲ ತಟ್ಟಿದರು. ಎಲ್ಲ ಮುಗಿಯಿತು. ಆಮೇಲೆ ಆ ಮನೆಯ ಮುದುಕರೊಬ್ಬರು ಅಂದರು: "ಅಯ್ಯಾರ ದನಿ ಮೊದಲಿಗಿಂತ ಚೊಲೊ ಆಗೇತಲ್ಲೋ. ಆಪರೇಷನ್ ಮಾಡಿದ ಡಾಕ್ಟರ್ ಯಾವಾಂವ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಅವರ ಹೆಗಲು ಅಲುಗುವುದು ನನಗೆ ಹಿಂದಿನಿಂದ ಕಂಡಿತು. ನಂತರ ಮನೆಯವರು ಸಾಲಾಗಿ ಬಂದು ಅವರ ಪಾದ ಮುಟ್ಟಿದರು. ನನ್ನ ಹತ್ತಿರ ಬಂದಾಗ ಯಜಮಾನ್ತಿ ಒಂದು ಕ್ಷಣ ನಿಂತು, ಏನು ಮಾಡಬೇಕೆಂದು ತಿಳಿಯದೆ, "ತಂಗಿ, ಉಂಡ ಹೋಗು" ಎಂದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಯಾರೂ ತಕರಾರು ಮಾಡಲಿಲ್ಲ. ತಕರಾರು ಮಾಡಲು ಯಾರಿಗೂ ಏನೂ ಕಂಡಿರಲಿಲ್ಲ ಎನ್ನುವುದು ಹೆಚ್ಚು ಸರಿ. ಅಯ್ಯನವರು ಬಂದರು, ಅಯ್ಯನವರು ಮಾಡಿದರು. ಜೊತೆಗೆ ಮಗಳಿದ್ದಳು.

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಎಂ.ಎ. ಕನ್ನಡ. ಶರಣರ ಕಾಲದ ಬಗ್ಗೆ ಪಾಠ ಮಾಡುವಾಗ ನಾನು ಪ್ರತಿವರ್ಷ ಹೇಳುವ ಮಾತುಗಳಿವೆ: ಇಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಲಿಂಗ, ಹುಟ್ಟು, ಸಾವು, ಮುಟ್ಟು ಯಾವುದೂ ಮೈಲಿಗೆಯಲ್ಲ, ಮೋಕ್ಷಕ್ಕೆ ಗಂಡನ ಕೈ ಹಿಡಿಯಬೇಕಾಗಿಲ್ಲ. ಆ ವರ್ಷ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಹಂಗಾರ ಹುಡುಗ್ಯಾರ ಯಾಕ ಅಯ್ಯಾರ ಆಗಾಕ ಬರೂದಿಲ್ರಿ, ಮೇಡಮ್?"

ನನ್ನಲ್ಲಿ ಉತ್ತರವಿತ್ತು. ನಮ್ಮ ಮನೆತನದ ಗಂಡುಮಕ್ಕಳಿಗೆ ಎಂಟನೇ ವಯಸ್ಸಿಗೆ ಅಯ್ಯಾಚಾರ ಎಂಬ ದೀಕ್ಷೆ ಆಗುತ್ತದೆ. ಅದಾದರೆ ಹುಡುಗ ಅಯ್ಯನವರಾಗುತ್ತಾನೆ, ಅವನ ಪಾದಕ್ಕೆ ಪೂಜೆ ಸಲ್ಲುತ್ತದೆ. ಹೆಣ್ಣುಮಕ್ಕಳಿಗೆ ಅದನ್ನು ಮಾಡುವುದಿಲ್ಲ. ಏಕೆ ಮಾಡುವುದಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ, ಹಾಗಾಗಿ ಯಾರೂ ಹೇಳಿಯೂ ಇಲ್ಲ. ಇಷ್ಟನ್ನು ಹೇಳಬಹುದಿತ್ತು. "ಮುಂದಿನ ಕ್ಲಾಸಿನಲ್ಲಿ ನೋಡೋಣ" ಎಂದೆ. ಮುಂದಿನ ಕ್ಲಾಸಿನಲ್ಲಿ ಆ ಹುಡುಗಿಯ ಕಡೆ ನೋಡದೆ ಮುಂದಿನ ಪಾಠ ಶುರು ಮಾಡಿದೆ.

ಭಕ್ತರ ಮನೆಗಳ ಪೂಜೆಗೆಂದು ಸೋಮವಾರ ರಜೆ ಹಾಕಿದಾಗಲೆಲ್ಲ ಕಾರಣದ ಕಡೆ "ತಂದೆಯ ಆರೋಗ್ಯ" ಎಂದು ಬರೆಯುತ್ತಿದ್ದೆ. ಅದು ಸುಳ್ಳಲ್ಲ. ನಾನು ಮನೆಮನೆಗೆ ಹೋಗಿ ಮಂತ್ರ ಹೇಳುತ್ತೇನೆ ಎಂದು ಸ್ಟಾಫ್‌ರೂಮಿನಲ್ಲಿ ಹೇಳಿದ್ದರೆ ಒಬ್ಬರು ನಗುತ್ತಿದ್ದರು, ಇನ್ನೊಬ್ಬರು ಅದರ ಮೇಲೆ ಲೇಖನ ಬರೆಯಿರಿ ಎನ್ನುತ್ತಿದ್ದರು. ಎರಡೂ ನನಗೆ ಬೇಕಿರಲಿಲ್ಲ. ಮನೆಯಲ್ಲಾದರೋ, ನಾನು ಓದಿದ್ದರ ಬಗ್ಗೆ ಮಾತಾಡಲು ಯಾರೂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿದ್ದಾಗ ಪಾದಪೂಜೆಯ ವಿರುದ್ಧ ಒಂದು ಪ್ರಬಂಧ ಬರೆದಿದ್ದೆ. ಒಬ್ಬರ ಕಾಲು ಇನ್ನೊಬ್ಬರ ತಲೆಗಿಂತ ಮೇಲೆ ಎಂದು ಕಲಿಸುವ ಯಾವುದೇ ಆಚರಣೆ ಕೊನೆಗೆ ಹೆಣ್ಣನ್ನು ಎಲ್ಲರ ಕಾಲ ಕೆಳಗೆ ತಂದು ನಿಲ್ಲಿಸುತ್ತದೆ ಎಂಬುದು ಅದರ ವಾದ. ಒಳ್ಳೆಯ ಅಂಕ ಬಂದಿತ್ತು. ಪ್ರಬಂಧ ಕಪಾಟಿನಲ್ಲಿ ಅವ್ವನ ಹಳೆಯ ಸೀರೆಗಳ ಕೆಳಗಿದೆ.

ಕೊಣ್ಣೂರಿನ ಆಯಿಯ ಮನೆಗೆ ನಾವು ಮೊದಲಿನಿಂದಲೂ ಹೋಗುತ್ತಿದ್ದೆವು. ಆಯಿ ಎಂದರೆ ಅಜ್ಜಿ. ಆಕೆಯನ್ನು ಮನೆಯವರು, ಓಣಿಯವರು ಎಲ್ಲರೂ ಹಾಗೇ ಕರೆಯುತ್ತಿದ್ದರು. ಎಂಬತ್ತು ದಾಟಿತ್ತು. ಪಡಸಾಲೆಯಲ್ಲಿ ಮಡಿಸಿದ ಕಂಬಳಿಯ ಮೇಲೆ ಕುಳಿತು ಬಾಗಿಲಿಗೆ ಬಂದವರನ್ನೆಲ್ಲ ವಿಚಾರಿಸುವುದು ಆಕೆಯ ಕೆಲಸ. ಮಗ ಕಬ್ಬಿನ ಹೊಲ ನೋಡಿಕೊಳ್ಳುತ್ತಿದ್ದ. ಸೊಸೆ ಒಳಗೆ ಹೊರಗೆ ಓಡಾಡುತ್ತಿದ್ದಳು, ಹೆಚ್ಚು ಮಾತಿಲ್ಲ. ಒಂದು ಶ್ರಾವಣ ಸೋಮವಾರ ಪೂಜೆ ಮುಗಿದು, ಅಪ್ಪ ಆಕೆಯ ಮಗನ ಜೊತೆ ಹಿತ್ತಲಿಗೆ ಹೋದಾಗ, ಆಯಿ ನನ್ನನ್ನು ಹತ್ತಿರ ಕರೆದಳು.

"ನಾ ಸತ್ತ ದಿನಾ ಯಾರ ಬರ್ತೀರಿ?"

"ಅಪ್ಪಾರ ಬರ್ತಾರಲ್ರಿ."

"ಹೇಳಾವ್ರು ಯಾರು?"

"ನಾನರಿ."

"ಪಾದಾ ಇಡಾವ್ರು?"

ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಮನೆಯಿಂದ ಎತ್ತುವ ಮೊದಲು ಅಯ್ಯನವರು ಅವರ ತಲೆಯ ಮೇಲೆ ತಮ್ಮ ಬಲಪಾದ ಇಡುತ್ತಾರೆ. ಅದಾದರೆ ಜೀವಕ್ಕೆ ದಾರಿ ಆಯಿತು ಎಂದು. "ಅಪ್ಪಾರ ಇಡ್ತಾರ್ರಿ" ಎಂದೆ.

ಆಯಿ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದಳು. "ಹೇಳೂದ ನೀ, ಇಡೂದ ಅಂವಾ. ಅಡಗಿ ಮಾಡೂದ ಒಬ್ಬಾಕಿ, ಪಂಕ್ತ್ಯಾಗ ಕುಂಡ್ರೂದ ಒಬ್ಬಾಂವ. ಜೀಂವಾ ಇರೂತನಾ ನಮ್ಮ ಮನ್ಯಾಗ ಅದ ಆತು. ಸತ್ತ ಮ್ಯಾಲೂ ಅದ ಏನು?"

ಆಯಿ ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ನೀ ಇಡಬೇಕ ನೋಡು. ಹೇಳಿದ ಬಾಯಿ ಯಾರದೋ ಕಾಲೂ ಅವರದ."

"ನನಗ ಅಯ್ಯಾಚಾರ ಆಗಿಲ್ರಿ, ಆಯಿ."

"ನನಗೂ ಆಗಿಲ್ಲ" ಎಂದಳು ಆಯಿ. ಆಮೇಲೆ ನಕ್ಕಳು. "ಮತ್ತ ನಿಮ್ಮಪ್ಪನ ಕಾಲ ಭಾಳ ಭಾರ ಐತವ್ವಾ. ನಮ್ಮ ಯಜಮಾನ್ರಿಗೆ ಇಟ್ಟಾಗ ನಾನ ನೋಡೇನಿ. ಕುತಗಿ ವಾಲ್ತು."

ನನಗೆ ಆ ಪ್ರಬಂಧ ನೆನಪಾಯಿತು. ಯಾರ ತಲೆಯ ಮೇಲೂ ಯಾರ ಕಾಲೂ ಇರಬಾರದು ಎಂದು ನಾನು ಬರೆದಿದ್ದೆ. ಆಯಿ ಕೇಳುತ್ತಿದ್ದದ್ದು ಅದಲ್ಲ. ಕಾಲು ಇರಲಿ, ಅದು ನಿನ್ನದಿರಲಿ ಎನ್ನುತ್ತಿದ್ದಳು. ಇವೆರಡರಲ್ಲಿ ಯಾವುದು ಸರಿ ಎಂದು ಯೋಚಿಸಿ ಉತ್ತರ ಕೊಡುವಷ್ಟು ಸಮಯ ಆಯಿಯ ಮುಖದಲ್ಲಿರಲಿಲ್ಲ. "ಆತ್ರಿ" ಎಂದೆ. "ಇಡ್ತೇನ್ರಿ."

ಸೊಸೆ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಕಪ್ಪುಗಳನ್ನು ಇಟ್ಟು ಹೋದಳು.

ಮನೆಗೆ ಬಂದು ಅಪ್ಪನ ನೋಟ್‌ಬುಕ್‌ನಲ್ಲಿ ಇದನ್ನು ಬರೆದೆ. ಅವರಿಗೆ ಕಿವಿ ಕೇಳುತ್ತದೆ, ನಾನು ಬಾಯಲ್ಲೇ ಹೇಳಬಹುದು. ಆದರೆ ಕಷ್ಟದ ವಿಷಯಗಳನ್ನು ನಾನೂ ಬರೆದೇ ತಿಳಿಸುವ ರೂಢಿಯಾಗಿತ್ತು. ಅವರು ಓದಿ, ಕೆಳಗೆ ಬರೆದರು: "ನಿನಗೆ ಅಯ್ಯಾಚಾರ ಆಗಿಲ್ಲ." ನಾನು ಬರೆದೆ: "ಕೊರಳಲ್ಲಿ ಲಿಂಗ ಇದೆಯಲ್ಲ." ಅವರು ಪೆನ್ನಿನ ಮುಚ್ಚಳ ಹಾಕಿದರು. ನಾವಿಬ್ಬರೂ ಆ ಪುಟಕ್ಕೆ ಮತ್ತೆ ಹೋಗಲಿಲ್ಲ.

ಆಯಿ ತೀರಿಕೊಂಡದ್ದು ಕಬ್ಬು ಕಡಿಯುವ ದಿನಗಳಲ್ಲಿ. ಬೆಳಿಗ್ಗೆ ಕಾಲೇಜಿನಲ್ಲಿದ್ದಾಗ ಆಕೆಯ ಮಗನ ಫೋನ್ ಬಂತು. ಅಪ್ಪ ಅವತ್ತು ತಪಾಸಣೆಗೆ ಬೆಳಗಾವಿಗೆ ಹೋಗಿದ್ದರು, ಜೊತೆಗೆ ಅವ್ವ. ಅವರಿಗೂ ಸುದ್ದಿ ಮುಟ್ಟಿತ್ತು. ನಾನು ಫೋನ್ ಮಾಡಿದಾಗ ಅವ್ವ ಹೇಳಿದಳು: "ಹುಕ್ಕೇರಿಗೆ ಹೇಳೇನಿ. ನಿಮ್ಮ ಕಾಕಾನ ಮಗ ಬರ್ತಾನು. ನೀ ಹೋಗಿ ಹೇಳಾಕ ಕುಂಡ್ರು. ಅವಂಗ ಏನೂ ಬರೂದಿಲ್ಲ."

ಕಾಕಾನ ಮಗ ನನಗಿಂತ ಮೂರು ವರ್ಷ ಸಣ್ಣವನು, ನನಗೆ ತಮ್ಮನೇ. ಹುಕ್ಕೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನು. ಎಂಟನೇ ವಯಸ್ಸಿಗೆ ಅವನಿಗೆ ಅಯ್ಯಾಚಾರ ಆದಾಗ ನಾನು ಹೊಸ ಲಂಗ ಹಾಕಿಕೊಂಡು ಅವನ ಹಿಂದೆ ಆರತಿ ತಟ್ಟೆ ಹಿಡಿದು ನಿಂತ ಫೋಟೊ ಇದೆ.

ಗೋಕಾಕದಿಂದ ಕೊಣ್ಣೂರು ದೂರವಲ್ಲ. ನಾನು ಹೋದಾಗ ಆಯಿಯನ್ನು ಪಡಸಾಲೆಯಲ್ಲಿ ಕೂರಿಸಿದ್ದರು, ಗೋಡೆಗೆ ಒರಗಿಸಿ, ಹೊಸ ಸೀರೆಯಲ್ಲಿ. ಕೂರಿಸಿದ ಜಾಗ ಆಕೆ ದಿನಾ ಕೂರುತ್ತಿದ್ದುದೇ. ಭಜನೆಯವರು ಅಂಗಳದಲ್ಲಿದ್ದರು. ನನ್ನ ಬಳಿ ವಿಭೂತಿ ಇತ್ತು, ಪತ್ರಿ ಇತ್ತು, ಎಲ್ಲ ಮಂತ್ರವೂ ಇತ್ತು. ತಮ್ಮ ಇನ್ನೂ ಬಂದಿರಲಿಲ್ಲ. ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿವೆ, ಬೈಕ್ ಕೂಡ ಮುಂದೆ ಹೋಗುತ್ತಿಲ್ಲ ಎಂದು ಮೆಸೇಜ್ ಮಾಡಿದ.

ಒಂದು ಗಂಟೆ ಕಾದರು. ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂತು. ಭಜನೆಯವರು ಒಮ್ಮೆ ನಿಲ್ಲಿಸಿ, ನೀರು ಕುಡಿದು, ಮತ್ತೆ ಶುರು ಮಾಡಿದರು. ಓಣಿಯ ಹಿರಿಯರೊಬ್ಬರು ಸಿಟ್ಟಿನಿಂದ, "ಅಯ್ಯಾರ ಮನಿಯವ್ರ ಯಾರೂ ಇಲ್ಲೇನ?" ಎಂದರು.

"ಮಗಳ ಅದಾಳಲ್ಲ" ಎಂದರು ಇನ್ನೊಬ್ಬರು.

"ಮಗಳ ಅದಾಳಪಾ, ಅಯ್ಯಾರ ಎಲ್ಲದಾರು?"

ಒಬ್ಬಿಬ್ಬರು ನಕ್ಕರು, ಕೆಟ್ಟ ನಗುವಲ್ಲ. ಆಯಿಯ ಮಗ ಎದ್ದು ನನ್ನ ಹತ್ತಿರ ಬಂದ. ಅತ್ತು ಕಣ್ಣು ಕೆಂಪಾಗಿದ್ದವು. ತಗ್ಗಿದ ದನಿಯಲ್ಲಿ ಕೇಳಿದ: "ಏನ ಮಾಡೂಣ್ರಿ, ಅಕ್ಕಾರ? ನೀವ ಹೇಳ್ರಿ. ನೀವ ಹೆಂಗ ಹೇಳ್ತೀರಿ ಹಂಗ."

ಆ ಕ್ಷಣವನ್ನು ನಾನು ಈಗಲೂ ಬಿಡಿಸಿ ಬಿಡಿಸಿ ನೋಡುತ್ತೇನೆ. ಅವನು ನಿಜವಾಗಿಯೂ ಕೇಳಿದ್ದ. ದಣಿದಿದ್ದ. ನಿಮ್ಮ ತಾಯಿ ನನಗೆ ಹೀಗೆ ಹೇಳಿದ್ದರು, ನಾನು ಒಪ್ಪಿದ್ದೆ ಎಂದರೆ ಸಾಕಿತ್ತು. ಅವನು ಒಪ್ಪುತ್ತಿದ್ದನೋ ಇಲ್ಲವೋ, ಅದು ಬೇರೆ. ಹಿರಿಯರು ಏನಾದರೂ ಅನ್ನುತ್ತಿದ್ದರು, ಅದೂ ಬೇರೆ. ಒಂದು ವಾಕ್ಯ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಬರ್ತಾನ್ರಿ. ಹಾದ್ಯಾಗ ಅದಾನ" ಎಂದೆ.

ತಮ್ಮ ಬಂದ. ಜೀನ್ಸ್ ಬಿಚ್ಚಿ ಧೋತರ ಉಟ್ಟುಕೊಂಡ. ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾ, ಯಾವಾಗ ಏನ ಮಾಡೂದು ಸನ್ನಿ ಮಾಡು" ಎಂದ. ಅವನಿಗೆ ಇದು ಮೊದಲು. ನಾನು ಹಿಂದೆ ಕುಳಿತು ಹೇಳಿದೆ. ಸತ್ತವರ ಹೆಸರು ಹೇಳುವ ಜಾಗದಲ್ಲಿ ಆಯಿಯ ಹೆಸರು ಹೇಳಿದೆ. ನೆಲ ತಟ್ಟಿದೆ. ಅವನು ಬಲಗಾಲು ಎತ್ತಿದ. ಶೂ ಹಾಕಿ ಬಂದಿದ್ದರಿಂದ ಕಣಕಾಲಿನ ಸುತ್ತ ಕಾಲುಚೀಲದ ಗೆರೆಗಳು ಮೂಡಿದ್ದವು. ಆ ಗೆರೆಗಳು ಆಯಿಯ ಬಿಳಿ ತಲೆಯ ಮೇಲೆ ಒಂದು ಗಳಿಗೆ ನಿಂತವು. ಬಹಳ ಹಗುರಾಗಿ ಇಟ್ಟ, ಕುತ್ತಿಗೆ ವಾಲಲಿಲ್ಲ. ಮಂತ್ರ ಎಲ್ಲೂ ತಪ್ಪಲಿಲ್ಲ.

ಆಮೇಲೆ ಎಲ್ಲರೂ ಅವನ ಪಾದ ಮುಟ್ಟಿದರು. ಸಿಟ್ಟಾಗಿದ್ದ ಹಿರಿಯರೂ ಮುಟ್ಟಿದರು. ಯಾರೋ ನನಗೆ ಒಂದು ಲೋಟ ನೀರು ತಂದುಕೊಟ್ಟರು.

ವಾಪಸು ಬರುವಾಗ ತಮ್ಮ ಗೋಕಾಕದವರೆಗೆ ಬೈಕ್‌ನಲ್ಲಿ ಬಿಟ್ಟ. ಬಸ್ ನಿಲ್ದಾಣದ ಎದುರು ಚಹಾ ಕುಡಿಯುವಾಗ ಹೇಳಿದ: "ನಿನಗ ಸುಮ್ನ ತ್ರಾಸ ಆಗಾಕತ್ತೈತಿ, ಅಕ್ಕಾ. ಕಾಲೇಜ ಬಿಟ್ಟ ಓಡಿ ಬರೂದು, ಹಿಂದ ಕುಂಡ್ರೂದು. ಒಂದ ಕೆಲಸ ಮಾಡು. ಎಲ್ಲಾ ನನ್ನ ಫೋನಿಗೆ ರೆಕಾರ್ಡ್ ಮಾಡಿ ಕಳಸು. ಸ್ಪೀಕರ್ ನನ್ನ ಅಂಗಡ್ಯಾಗ ಐತಿ. ಹೆಸರ ಹೇಳೂ ಜಾಗಾದಾಗ ಸ್ವಲ್ಪ ಖಾಲಿ ಬಿಡು, ಅಲ್ಲಿ ನಾ ಹೇಳ್ತೇನಿ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅಕ್ಕನ ತ್ರಾಸ ಕಡಿಮೆಯಾಗಲಿ ಎಂದೇ ಹೇಳಿದ್ದ. "ನೋಡ್ತೇನಿ" ಎಂದೆ.

ರಾತ್ರಿ ಊಟಕ್ಕೆ ಮುಂಚೆ ತಮ್ಮನ ರೆಕಾರ್ಡಿನ ಮಾತನ್ನು ಅಪ್ಪನಿಗೆ ಬರೆದು ತಿಳಿಸಿದೆ. ಅವರು ಓದಿ, ಕನ್ನಡಕ ಒರೆಸಿಕೊಂಡರು. ಆಮೇಲೆ ಬರೆದರು: "ಕೊಡು. ಭಕ್ತರ ಮನೆಗಳು ಕೈಬಿಟ್ಟು ಹೋಗಬಾರದು." ಅವ್ವ ಇಣುಕಿ ನೋಡಿ, "ಚೊಲೊ ಆತು ಬಿಡು. ನಾಳೆ ನಿನ್ನ ನೋಡಾಕ ಬಂದವ್ರು ಹುಡುಗಿ ಮಂತ್ರಾ ಹೇಳಾಕ ಹೋಗತೈತಂತ ಕೇಳೂದ ತಪ್ಪತೈತಿ" ಎಂದಳು.

ಹನ್ನೊಂದನೇ ದಿನದ ಗಣಾರಾಧನೆಗೆ ಕೊಣ್ಣೂರಿಗೆ ಮತ್ತೆ ಹೋದೆವು. ಅಪ್ಪ ಬಂದಿದ್ದರು, ಎಲ್ಲ ಸರಿಯಾಗಿ ನಡೆಯಿತು. ಊಟದ ಪಂಕ್ತಿ ಕುಳಿತಾಗ ನಾನು ಅಡುಗೆಮನೆಗೆ ಹೋದೆ. ಸೊಸೆ ಒಬ್ಬಳೇ ಗೋಧಿ ಹುಗ್ಗಿಯ ಪಾತ್ರೆಯ ಮುಂದೆ ಇದ್ದಳು. ನನ್ನನ್ನು ನೋಡಿ ಸೌಟು ಇಟ್ಟಳು.

"ಅವತ್ತ ಆಯಿ ನಿಮಗ ಹೇಳಿದ್ದ ನಾನೂ ಕೇಳೇನ್ರಿ."

"ಗೊತ್ತೈತ್ರಿ."

"ನಮ್ಮವ್ರ ನಿಮ್ಮನ್ನ ಕೇಳಾಕ ಬಂದಾಗ, ಈಗ ಹೇಳ್ತಾರು, ಈಗ ಹೇಳ್ತಾರು ಅಂತ ನೋಡಿಕೋತ ನಿಂತಿದ್ನಿ. ನೀವು ಓದಿದವ್ರು. ನೀವ ಹೇಳಿದ್ರ ನಡೀತೈತಿ ಅಂದ್ಕೊಂಡ್ನಿ."

"ನೀವು ಮನಿಯವ್ರು. ನೀವ ಹೇಳ್ತೀರಿ ಅಂತ ನಾ ಅಂದ್ಕೊಂಡಿದ್ನಿ."

ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಅದು ಜಗಳದ ನೋಟವಾಗಿರಲಿಲ್ಲ. ಜಗಳವಾಗಿದ್ದರೆ ನನಗೆ ಒಳ್ಳೆಯದಿತ್ತು. "ನಾ ಈ ಮನ್ಯಾಗ ಇನ್ನೂ ಇರಬೇಕಲ್ರಿ" ಎಂದಳು. "ನೀವು ಎದ್ದ ಹೋಗಾವ್ರಿದ್ರಿ."

ಹೊರಗಿನಿಂದ ಹುಗ್ಗಿ ಕೇಳಿದರು. ಆಕೆ ಪಾತ್ರೆ ಎತ್ತಿಕೊಂಡು ಹೋದಳು. ಇನ್ನೇನಾದರೂ ಮಾತಾಡಬಹುದು ಎಂದು ನಾನು ಅಲ್ಲೇ ನಿಂತೆ. ಅವಳು ಎರಡು ಸಲ ಒಳಗೆ ಬಂದು ಹೋದಳು. ಎರಡು ಸಲವೂ ಕೈಯಲ್ಲಿ ಏನಾದರೂ ಇತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಮಲಗಿದ್ದರು, ಅವ್ವ ಬಾಜೂ ಮನೆಗೆ ಹೋಗಿದ್ದಳು. ಬಾಗಿಲು ಹಾಕಿ, ಫೋನನ್ನು ಎದುರಿಗೆ ಪುಸ್ತಕಕ್ಕೆ ಒರಗಿಸಿಟ್ಟು, ರೆಕಾರ್ಡ್ ಒತ್ತಿದೆ. ಮದುವೆಯದು, ಮನೆ ಪ್ರವೇಶದ್ದು ಬೇಡ, ಮೊದಲು ಸಾವಿನದು ಮುಗಿಸೋಣ ಎಂದುಕೊಂಡೆ. ಚೆನ್ನಾಗಿ ಬಂತು. ಎದುರಿಗೆ ಯಾರೂ ಇಲ್ಲದ್ದರಿಂದ ಅವಸರವಿರಲಿಲ್ಲ, ಉಸಿರು ಎಲ್ಲೂ ಕಟ್ಟಲಿಲ್ಲ. ಹೆಸರಿನ ಜಾಗ ಬಂತು. ಅಲ್ಲಿ ಖಾಲಿ ಬಿಡಬೇಕಿತ್ತು. ಬಾಯಿ ಮುಚ್ಚಿ ಐದು ಎಣಿಸಿದರೆ ಆಗುತ್ತಿತ್ತು. ನಾನು ಆಯಿಯ ಹೆಸರು ಹೇಳಿದೆ. ಆಕೆಯ ಗಂಡನ ಹೆಸರು ಸೇರಿಸದೆ, ಆಕೆಯದೊಂದನ್ನೇ ಹೇಳಿದೆ. ಮುಂದಿನ ಸಾಲು ಪಾದ ಇಡುವಾಗಿನದು, ಅದನ್ನೂ ಹೇಳಿ ಕೊನೆಯವರೆಗೆ ಮುಗಿಸಿದೆ. ಕಾಲು ಮಡಚಿ ಕುಳಿತಿದ್ದೆ. ಎತ್ತಿದ್ದರೆ ಇಡಲು ಎದುರಿಗೆ ಏನೂ ಇರಲಿಲ್ಲ.

ಅದನ್ನು ಇನ್ನು ಯಾರ ಸಾವಿಗೂ ಬಳಸಲು ಬರುವುದಿಲ್ಲ. ಇನ್ನೊಮ್ಮೆ ಮಾಡಬಹುದಿತ್ತು, ಮಾಡಲಿಲ್ಲ.

ಸಂಜೆ ತಮ್ಮನ ಮೆಸೇಜ್ ಬಂತು: "ಆತೇನಕ್ಕಾ?"

ಬರೆದೆ: "ರೆಕಾರ್ಡ್ ಕೊಡೂದಿಲ್ಲ. ಕರದ್ರ ಬರ್ತೇನಿ. ಆದ್ರ ಹಿಂದ ಕುಂಡ್ರೂದಿಲ್ಲ." ಕಳಿಸುವ ಮೊದಲು ಮೂರು ಸಲ ಓದಿದೆ. ಒಂದು ಅಕ್ಷರವನ್ನೂ ತಿದ್ದದೆ ಕಳಿಸಿದೆ. ಎರಡು ನೀಲಿ ಟಿಕ್ ಬಂದವು. ಸ್ವಲ್ಪ ಹೊತ್ತು ಅವನು ಏನೋ ಟೈಪ್ ಮಾಡುತ್ತಿರುವುದು ಕಂಡಿತು, ಆಮೇಲೆ ಅದೂ ನಿಂತಿತು.

ಆ ಮೆಸೇಜನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ನೋಟ್‌ಬುಕ್ ತೆಗೆಯಲಿಲ್ಲ. ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು ಸಂಜೆಯ ಲಿಂಗಪೂಜೆಗೆ ಎದ್ದರು. ಅಪ್ಪನ ದನಿ ಹೋದಂದಿನಿಂದ ಮಾಡುತ್ತಿರುವಂತೆ, ನಾನು ಸೀರೆಯ ಪರದೆಯ ಈಚೆಯಿಂದ ಮಂತ್ರ ಹೇಳಿದೆ.

ಈಗ ಅಪ್ಪ ಹೊರಗೆ ಹೋಗುವುದನ್ನು ಪೂರ್ತಿ ನಿಲ್ಲಿಸಿದ್ದಾರೆ. ಹುಕ್ಕೇರಿಯವನು ಎಲ್ಲಿಂದಲೋ ಬೇರೆ ರೆಕಾರ್ಡಿಂಗ್ ಹುಡುಕಿಕೊಂಡಿದ್ದಾನೆ ಎಂದು ಕೇಳಿದೆ, ಗಂಡಸಿನ ದನಿ, ಬಹಳ ಸ್ಪಷ್ಟವಾಗಿದೆಯಂತೆ. ನಾಗನೂರಿನವರು ಅವನನ್ನು ಕರೆಯುತ್ತಾರೆ, ಕೊಣ್ಣೂರಿನವರೂ ಕರೆಯುತ್ತಾರೆ. ಸೋಮವಾರ ನಾನು ಕಾಲೇಜಿಗೆ ಹೋಗುತ್ತೇನೆ. ನನ್ನನ್ನು ಈವರೆಗೆ ಯಾರೂ ಕರೆದಿಲ್ಲ.